ಗೋಮಾಳದಲ್ಲಿ ಮೊಲ ಕಾದ ಜಯಮ್ಮಕ್ಕ

ಜಯಮ್ಮಕ್ಕ ಒಂದು ಕಡೆ ಕೂತಳೆಂದರೆ ಗುಬ್ಬಚ್ಚಿಗಳು ಅವಳ ಸೆರಗಿನ ಮೇಲೇ ನಡೆದು ಹೋಗುತ್ತಿದ್ದವು. ಚೇಳೂರು ಬಸ್‌ಸ್ಟ್ಯಾಂಡಿನ ಪಕ್ಕ ಮೂವತ್ತು ವರ್ಷ ಇಡ್ಲಿ ಮಾರಿದವಳು, ಮಂಡಿ ನೋವು ಬಂದು ಅಂಗಡಿ ಬಿಟ್ಟ ಮೇಲೆ ನಮ್ಮೂರ ಗೋಮಾಳದಲ್ಲಿ ಮೊಲ ನೋಡುತ್ತ ಕೂರತೊಡಗಿದಳು. ಅವಳದು ಒಂದೇ ನಿಯಮ. "ಕೂತಿರೋ ಮೊಲದ ಹತ್ರ ಹೋಗ್ಬಾರ್ದು ಕಣೋ. ಹೆದ್ರಿ ಎದ್ರೆ ಆ ಜಾಗನೇ ಬುಟ್ಟೋಯ್ತದೆ."

ಮಾಘ ಮುಗಿಯುವ ಹೊತ್ತಿಗೆ ಗೋಮಾಳದ ಹುಲ್ಲೆಲ್ಲ ಒಣಗುತ್ತದೆ. ಹೊಸದು ಚೆನ್ನಾಗಿ ಚಿಗುರಲಿ ಎಂದು ಅದಕ್ಕೆ ಬೆಂಕಿ ಹಚ್ಚುವುದು ನಮ್ಮೂರ ವಾಡಿಕೆ. ಆ ವರ್ಷ ಅಕ್ಕ ಅಡ್ಡ ನಿಂತಳು, ಮೊಲಗಳು ಸುಟ್ಟುಹೋಗುತ್ತವೆ ಎಂದಳು. ಇದ್ದದ್ದೆಲ್ಲ ಸಾರಾಗಿ ಎಷ್ಟೋ ಕಾಲವಾಯಿತು ಎಂದು ಊರ ಯಜಮಾನ ರುದ್ರಣ್ಣ ನಕ್ಕ. ಎಂಟು ದಿನದೊಳಗೆ ಒಂದನ್ನು ತೋರಿಸಿದರೆ ಬೆಂಕಿ ಹಚ್ಚುವುದಿಲ್ಲ ಎಂದು ಮಾತು ಕೊಟ್ಟ.

ಕೀಟಲೆಯಲ್ಲಿ ಗುಬ್ಬಿ ತಾಲ್ಲೂಕಿಗೇ ನನ್ನ ಸಮ ಇನ್ನೊಬ್ಬನಿಲ್ಲ. ಹೊಟ್ಟೆಕಿಚ್ಚಿಗೆ ಬೇರೆಯವರು ಇದನ್ನು ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ. ತೆಂಗಿನ ನಾರಿನಲ್ಲಿ ಮೊಲವೊಂದನ್ನು ಕಟ್ಟಿ, ಅಡಿಕೆ ಹಾಳೆಯ ಕಿವಿ ಸಿಕ್ಕಿಸಿ, ಆರನೇ ದಿನ ನಸುಕಿನಲ್ಲಿ ಹುಲ್ಲಿನೊಳಗೆ ಕೂರಿಸಿದೆ. ಹತ್ತಿರ ಹೋಗದ ಅಕ್ಕ ನಂಬಿಬಿಟ್ಟಳು, ರುದ್ರಣ್ಣನನ್ನು ಕರೆಸಿದಳು. ಅವನು ನೆಟ್ಟಗೆ ಹೋಗಿ ಕಿವಿ ಹಿಡಿದು ಮೇಲಕ್ಕೆತ್ತಿದ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು.

ಅಕ್ಕ ಬೈಯಲಿಲ್ಲ. ನಾರಿನ ಮೊಲವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಪುಟ್ಸ್ವಾಮಿ, ಕತ್ತಿನ್ ಹಿಂದೆ ಕರೀ ಮಚ್ಚೆ ಇಕ್ಕಿಲ್ವಲ್ಲೋ. ಇನ್ನೂ ಎರಡ್ ದಿನ ಐತೆ. ನೀನೂ ಬಾ, ನಿಜವಾದ್ದು ನೋಡೀವಂತೆ."

ಹೋದೆ. ಏಳನೇ ದಿನ ಇಬ್ಬನಿಯಲ್ಲಿ ನೆನೆದದ್ದಷ್ಟೇ ಲಾಭ. ಎಂಟನೇ ದಿನ ಬೆಳಕು ಹರಿಯುವಾಗ, ಮೇದು ಬಂದ ಮೊಲವೊಂದು ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಹುಲ್ಲು ಒತ್ತಿ ಕೂತಿತು. ಕಿವಿಗಳು ಬೆನ್ನಿಗಂಟಿದವು. ಕತ್ತಿನ ಹಿಂದೆ ಕರೀ ಮಚ್ಚೆ. ಕಣ್ಣು ಮಾತ್ರ ತೆರೆದೇ ಇತ್ತು. ಮಂಡಿ ನೋವಿಗೆ ಅಕ್ಕನ ಹಣೆಯಲ್ಲಿ ಬೆವರೊಡೆದಿತ್ತು, ಅಲುಗಲಿಲ್ಲ.

ರುದ್ರಣ್ಣ ನಾಲ್ಕು ಜನರೊಂದಿಗೆ ಬೆಂಕಿಪೊಟ್ಟಣ ಹಿಡಿದು ಬಂದ. ಅಕ್ಕ ಬೆರಳಷ್ಟೇ ತೋರಿಸಿದಳು.

"ಏನ್ಲಾ ಪುಟ್ಟ, ಇವತ್ತು ಮಚ್ಚೇನೂ ಇಕ್ಕಿದೀಯಾ?" ಎನ್ನುತ್ತ ಅವನು ಕಿವಿಗೆ ಕೈ ಹಾಕಿದ. ಮೊಲ ಅವನ ಕಾಲಸಂದಿಯಲ್ಲೇ ಚಿಮ್ಮಿ ಓಡಿತು. ಯಜಮಾನರು ಅಂಗಾತ ಬಿದ್ದರು. ನನ್ನ ಎಪ್ಪತ್ತು ವರ್ಷದ ಕೀಟಲೆಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಹುಲ್ಲು ಉಳಿಯಿತು.

ಆಮೇಲೆ ಅಕ್ಕನ ಮಗಳು ಅವಳನ್ನು ಕುಣಿಗಲ್ಲಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಹೋದ ಮಾಘದಲ್ಲಿ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದಳು. ಗೋಮಾಳಕ್ಕೆ ಬೆಂಕಿ ಇಟ್ಟರಾ ಎಂದು ಕೇಳಿದಳು. ಇಲ್ಲ, ಮೊಲಗಳಿವೆ ಎಂದೆ.

"ನಿನ್ ಮಾತ್ ಯಾರ್ ನಂಬ್ತಾರೆ? ಫೋಟೋ ತಂದ್ ತೋರ್ಸು."

ಮಾರನೇ ಬೆಳಗಿನಿಂದ ಮೊಬೈಲು ಹಿಡಿದು ಗೋಮಾಳದಲ್ಲಿ ಕೂತೆ. ಒಂಬತ್ತನೇ ದಿನ ಮಗಳ ಫೋನು ಬಂತು, ಅಕ್ಕ ಹೋದಳೆಂದು. ಕುಣಿಗಲ್ಲಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಹತ್ತನೇ ದಿನ ನಸುಕಿನಲ್ಲಿ ಮತ್ತೆ ಹೋಗಿ ಕೂತೆ. ಫೋಟೋ ಸಿಗದೆ ಏಳುವ ಹಾಗಿರಲಿಲ್ಲ.