ಏಣಿಯ ಕಾಲಿಗೆ ಯಜಮಾನನಿಲ್ಲ

ಕಾಳುಮೆಣಸಿನ ಕೊಯ್ಲಿನಲ್ಲಿ ನಮ್ಮ ಕಡೆ ಯಾರಾದರೂ ಏಣಿ ಕೇಳಿದರೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಬೇಲಿಯಾಚೆ ನಿಂತು ಕೇಳುತ್ತಾರೆ, ನಾವು ಮುಖ ತಿರುಗಿಸಿಕೊಂಡೇ ಕೊಡುತ್ತೇವೆ. ಈ ಪದ್ಧತಿಯಿಂದಲೇ ನಾನು ಕೆಟ್ಟೆ ಎಂದು ಒಮ್ಮೆ ಎಲ್ಲರೂ ಆಡಿಕೊಂಡರು.

ಕೊಡ್ಲಿಪೇಟೆಯಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಅಂಗಡಿ. ನನ್ನ ತಮ್ಮ ಇಳಿಜಾರಿನ ತೋಟದಲ್ಲಿ ಮೆಣಸು ಕೊಯ್ಯುವಾಗ ಒಂಟಿ ಬಿದಿರಿನ ಏಣಿ ಬುಡದಲ್ಲಿ ಜಾರಿ, ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನನ್ನು ನೋಡಿ ಬಂದವಳಿಗೆ ದುಃಖಕ್ಕಿಂತ ಆ ಏಣಿಯ ಮೇಲೆ ಸಿಟ್ಟೇ ಹೆಚ್ಚಾಗಿತ್ತು. ಹಳೆ ಕಬ್ಬಿಣ ಕತ್ತರಿಸಿ, ಬೆಸೆದು, ಕೆಡಿಸಿ, ಮತ್ತೆ ಬೆಸೆದು ಏಣಿಗೊಂದು ಕಾಲು ಮಾಡಿದೆ. ನೆಲ ಎಷ್ಟು ಓರೆಯಿದ್ದರೂ ಅಷ್ಟೇ ಬಾಗುವ ಪಾದ, ಅದರಡಿ ಮಣ್ಣು ಕಚ್ಚುವ ಉಗುರು. ಮುಂದಿನ ಕೊಯ್ಲಿನಲ್ಲಿ ಆ ಏಣಿ ತೋಟದಿಂದ ತೋಟಕ್ಕೆ ತಿರುಗಿತು. ಯಾರೂ ಬೀಳಲಿಲ್ಲ.

ಆಗಲೇ ಕೃಷಿ ಸಲಕರಣೆ ಮಾರುವ ಹೊರಗಿನವರೊಬ್ಬರು ಬಂದು ಒಂದು ದಿನಕ್ಕೆ ಏಣಿ ಕೇಳಿದರು. ಕೊಟ್ಟೆ. ವಾಪಸ್ ತಂದವರು ಕುರ್ಚಿ ಎಳೆದುಕೊಂಡು ಕೂತು, "ಮೇಡಂ, ಈ ಕಾಲಿಗೆ ನಮ್ಮ ಹೆಸರಲ್ಲಿ ಪೇಟೆಂಟ್ ಹಾಕ್ತೀವಿ. ಆಮೇಲೆ ಯಾರು ಮಾಡಬೇಕಂದ್ರೂ ನಮ್ಮನ್ನ ಕೇಳ್ಬೇಕಾಗುತ್ತೆ. ನೀವು ಈಗಲೇ ನಮ್ಮ ಜೊತೆ ಸೇರ್ಕೊಳ್ಳಿ" ಎಂದರು. ನನ್ನ ತಮ್ಮ ಬಿದ್ದಿದ್ದಕ್ಕೆ ಹುಟ್ಟಿದ ವಸ್ತು. ಅದನ್ನು ಬೆಸೆಯಲು ನಾನು ಇವರ ಅಪ್ಪಣೆ ಪಡೆಯಬೇಕಂತೆ! ಮೈಯೆಲ್ಲಾ ಉರಿಯಿತು. ಕುರ್ಚಿ ಬೇಕು, ಏಳಿ ಎಂದೆ.

ಮಾರನೆಯ ದಿನವೇ ಬಸ್ಸು ಹತ್ತಿ ಮಡಿಕೇರಿಗೆ ಹೋದೆ. ಅಲ್ಲಿ ವಕೀಲೆಯಾಗಿರುವ ನನ್ನ ಶಾಲೆಯ ಗೆಳತಿ ಎಲ್ಲ ಕೇಳಿ ನಕ್ಕಳು.

"ಪೇಟೆಂಟ್ ಬೇಕಿದ್ರೆ ಯಾರಿಗೂ ತೋರಿಸೋ ಮೊದ್ಲೇ ಅರ್ಜಿ ಹಾಕ್ಬೇಕಿತ್ತು ಕಣೇ. ನೀನು ಏಣೀನ ಊರೆಲ್ಲಾ ಸುತ್ತಿಸ್ಬಿಟ್ಟಿದ್ದೀಯ."

"ಗುಟ್ಟಾಗಿ ಇಟ್ಕೊಂಡ್ರೆ?"

"ಏಣಿ ಬುಡ ನೋಡಿದೋರಿಗೆಲ್ಲ ಗೊತ್ತಾಗುತ್ತೆ. ಅದೆಂಥ ಗುಟ್ಟು?"

"ಹಂಗಾರೆ ಅವ್ರಿಗೆ ಸಿಕ್ಬಿಡ್ತದಾ?"

"ಊರಿಗೆಲ್ಲ ಮೊದ್ಲೇ ಗೊತ್ತಿರೋದು ಅವ್ರಿಗೂ ಸಿಗಬಾರ್ದು. ಆದ್ರೆ ಗೊತ್ತಿತ್ತು ಅಂತ ತೋರಿಸೋಕೆ ಸಾಕ್ಷಿ ಬೇಕು. ಅವ್ರು ಅರ್ಜಿ ಹಾಕೋ ಮೊದ್ಲೇ ಚಿತ್ರ, ಅಳತೆ ಎಲ್ಲಾ ಬಹಿರಂಗ ಮಾಡ್ಬಿಡು."

ನನ್ನನ್ನು ಕೆಡಿಸಿತು ಎಂದು ಎಲ್ಲರೂ ಆಡಿಕೊಂಡ ಪದ್ಧತಿಯೇ ನನ್ನ ಬೆನ್ನಿಗೆ ನಿಂತಿತ್ತು. ಊರಿಗೆ ಬಂದವಳೇ ಚಿತ್ರ ಬರೆದೆ, ಉಗುರಿನ ಉದ್ದ, ಬಾಗುವ ಕೀಲಿನ ದಪ್ಪ, ಒಂದನ್ನೂ ಬಿಡದೆ. ಸ್ಥಳೀಯ ಪತ್ರಿಕೆಯವರು ಅಚ್ಚು ಹಾಕಿದರು. ಮಾಡುವ ವಿಧಾನವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಎಲ್ಲರಿಗೂ ಕಳಿಸಿದೆ. ತಮ್ಮನಿಗೆ ಮಾತ್ರ ಸಂಕಟ.

"ಅಕ್ಕ, ಹಿಂಗೆ ಎಲ್ರಿಗೂ ಹೇಳ್ಕೊಟ್ರೆ ನಿಂಗೇನ್ ಉಳೀತದೆ?"

"ಏಣಿ ಹತ್ತೋರು ಉಳೀತಾರೆ, ಸುಮ್ನಿರು" ಎಂದೆ.

ಸಂತೆಯ ದಿನ ಅಂಗಡಿಯ ಮುಂದೆ ಏಣಿ ನಿಲ್ಲಿಸಿ, ಸುತ್ತಲಿನ ವೆಲ್ಡಿಂಗಿನವರನ್ನೆಲ್ಲ ಕರೆದು ಬೆಸೆದು ತೋರಿಸಿದೆ. ನನ್ನ ಗಿರಾಕಿಗಳನ್ನು ಕಸಿಯುವವರಿಗೂ ಹೇಳಿಕೊಟ್ಟೆ. ತಲೆ ಎತ್ತಿದಾಗ ಗುಂಪಿನ ಹಿಂದೆ ಆ ಸಲಕರಣೆಯವರೂ ನಿಂತಿದ್ದರು, ಮುಖ ಗಂಟು ಹಾಕಿಕೊಂಡು. ಜನರನ್ನು ಸರಿಸಿಕೊಂಡು ಹೋಗಿ ಅಳತೆಯ ಹಾಳೆಯೊಂದನ್ನು ಅವರ ಕೈಗೂ ಕೊಟ್ಟೆ.

"ತಗೊಳ್ಳಿ ಸಾರ್, ನೀವೂ ಮಾಡಿ. ಯಾರನ್ನೂ ಕೇಳೋದ್ ಬ್ಯಾಡ."