ಸಿದ್ದಗಂಗಮ್ಮನ ರಾಗಿ ಹಾಲುಬಾಯಿ

ಲೋಹಿತಾ ಆ ಮನೆಗೆ ಸೊಸೆಯಾಗಿ ಬರುವ ಮೊದಲು ಅತ್ತೆಯ ವಿಷಯದಲ್ಲಿ ಕೇಳಿದ್ದೆಲ್ಲ ಅಂಜಿಕೆ ಹುಟ್ಟಿಸುವ ಮಾತೇ. ಮಿಡಿಗೇಶಿ ಸುತ್ತಿನ ಹಳ್ಳಿಗಳಲ್ಲಿ ಸಿದ್ದಗಂಗಮ್ಮನ ಬಾಯಿ ಅಂದರೆ ಬಾಯಿ. ಗಂಡ ಹೋದ ಮೇಲೆ ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಒಬ್ಬನೇ ಮಗ ಗೌರೀಶನನ್ನು ಸಾಕಿದವಳಿಗೆ ಮೆತ್ತಗೆ ಮಾತಾಡಲು ಪುರುಸೊತ್ತೆಲ್ಲಿತ್ತು?

ಆ ಬಾಯಿ ತನ್ನ ಪರವಾಗಿಯೂ ಏಳುತ್ತದೆಂದು ಲೋಹಿತಾಗೆ ತಿಳಿದದ್ದು ಕಿರಿಯ ಮಗು ಶಾಲೆಗೆ ಸೇರಿದ ವರ್ಷ. ಸಂಜೆ ಜಗಲಿಯ ಮೇಲೆ ತನ್ನ ಮಕ್ಕಳ ಜೊತೆ ಬೀದಿಯ ಮಕ್ಕಳಿಗೂ ಲೆಕ್ಕ ಹೇಳಿಕೊಡುತ್ತಿದ್ದಳು. ಕಡಲೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದಳು.

"ಊರ ಮಕ್ಕಳಿಗೆಲ್ಲ ಹೇಳ್ಕೊಡ್ತೀಯಲ್ಲ, ನೀನ್ಯಾಕೆ ಪಿಯುಸಿಗೇ ನಿಂತ್ಬುಟ್ಟೆ?"

"ಮದುವೆ ಮಾಡಿದ್ರಲ್ಲ ಅತ್ತೆ."

"ಮದುವೆ ಆದ್ರೆ ಓದ್ಬಾರ್ದು ಅಂತ ಯಾರಂದ್ರು? ಮುಂದುಕ್ಕೆ ಓದು ಕಣಮ್ಮ."

ಅಷ್ಟಕ್ಕೇ ಬಿಡಲಿಲ್ಲ. ಮಗನನ್ನು ಹೊರಡಿಸಿ, ಸೊಸೆಯ ಜೊತೆ ತಾನೂ ತುಮಕೂರಿಗೆ ಹೋಗಿ, ಮನೆಯಲ್ಲೇ ಇದ್ದುಕೊಂಡು ಬಿ.ಎ. ಓದಬಹುದೆಂದು ವಿಚಾರಿಸಿ, ಅಲ್ಲಿನ ಕೇಂದ್ರದಲ್ಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿಸಿ ಬಂದಳು. ಸುದ್ದಿ ಕೇಳಿ ಗೌರೀಶನ ದೊಡ್ಡಪ್ಪ ಕಾಡಸಿದ್ದಪ್ಪ ಬಂದ. "ಸೊಸೇನ ಓದ್ಸಕ್ಕೆ ಹೊಂಟಿದೀಯಂತೆ. ಮನೆ ನೋಡೋರು ಯಾರಮ್ಮ?" ಸಿದ್ದಗಂಗಮ್ಮ ಕಾಫಿ ಲೋಟ ಅವನ ಮುಂದಿಟ್ಟು, "ನಾನಿದೀನಲ್ಲ ಭಾವ" ಅಂದಳು. ಅವನು ಕಾಫಿ ಕುಡಿದು ಎದ್ದುಹೋದ.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಸಿದ್ದಗಂಗಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಲೋಹಿತಾ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಳು. "ಈ ಸಲ ಬುಡಿ ಅತ್ತೆ, ಬರೋ ವರ್ಷ ಬರೀತೀನಿ."

"ಬರೋ ವರ್ಷಕ್ಕೆ ಇನ್ನೊಂದು ನೆಪ ಬತ್ತದೆ. ಇಳ್ಸು ಪುಸ್ತಕಾನ. ನಂಗೆ ಎಡಗೈ ಐತೆ."

ಮಾರನೆಯ ದಿನ ಎಡಗೈಯಲ್ಲಿ ಹಾಲು ಕರೆಯಲು ಕೂತಳು. ಹೊಸ ಕೈ ಸೋಕಿದ್ದಕ್ಕೆ ಹಸು ಒದ್ದು ಬಕೆಟ್ ಉರುಳಿಸಿತು. ಅದರ ಬೆನ್ನು ಸವರಿ ಮತ್ತೆ ಕೂತಳು. ಎಡಗೈಯಲ್ಲಿ ಕಟ್ಟಿದ ಮುದ್ದೆ ಗೆಣಸಿನಂತೆ ಸೊಟ್ಟಗಾಗುತ್ತಿತ್ತು. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರೆ ತಾನೂ ನಗುತ್ತಿದ್ದಳು. ಪರೀಕ್ಷೆ ಮುಗಿಯುವವರೆಗೂ ಲೋಹಿತಾ ಮೊದಲ ಬಸ್ಸಿಗೆ ಹೊರಡುವ ಹೊತ್ತಿಗೆ ಬುತ್ತಿ ಸಿದ್ಧವಿರುತ್ತಿತ್ತು.

ಲೋಹಿತಾ ಪಾಸಾದಳು. ಮೈಸೂರಿನ ಘಟಿಕೋತ್ಸವಕ್ಕೆ ಬನ್ನಿ ಎಂದು ಎಷ್ಟು ಕರೆದರೂ ಅತ್ತೆ ಒಪ್ಪಲಿಲ್ಲ. "ಹಸು ಯಾರು ನೋಡ್ತಾರೆ? ನೀವಿಬ್ರೂ ಹೋಗ್ಬನ್ನಿ. ಅಷ್ಟ್ರಲ್ಲಿ ನಾನು ಹಾಲುಬಾಯಿ ಮಾಡಿರ್ತೀನಿ."

ಲೋಹಿತಾಗೆ ಅತ್ತೆಯ ಕೈಯದೇ ಚಿಂತೆಯಾಯಿತು. ರಾಗಿ ಹಾಲುಬಾಯಿ ಎಂದರೆ ಕೈ ಬಿಡದೆ ತಿರುವಬೇಕು. ಅತ್ತೆಯ ಬಲಗೈ ಕೂಡಿಕೊಂಡಿತ್ತೇ ಹೊರತು ಮೊದಲಿನ ಕಸುವು ಬಂದಿರಲಿಲ್ಲ.

ಗಂಡ ಹೆಂಡತಿ ಮರಳಿ ಬಂದಾಗ ಬೀದಿಯ ತಿರುವಿಗೇ ಬೆಲ್ಲ ಕುದಿಯುವ ವಾಸನೆ ಬಂತು. ಹಿತ್ತಲಿನಲ್ಲಿ ಅತ್ತೆ ಮೂರು ಕಲ್ಲಿಟ್ಟು ದೊಡ್ಡ ಬಾಣಲೆ ಏರಿಸಿದ್ದಳು. ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದ ರಾಗಿ ಹಾಲು, ಕಾಯಿ ಹಾಲು, ಬೆಲ್ಲ ಎಲ್ಲ ಕೂಡಿ ಗಟ್ಟಿಯಾಗುತ್ತಿತ್ತು. ಪಕ್ಕದ ಮನೆಯ ಸೊಸೆ ಯಶೋಧರಾ ಒಲೆಗೆ ಸೌದೆ ನೂಕುತ್ತಿದ್ದಳು. ಅತ್ತೆಯ ಎಡಗೈ ಮುದ್ದೆ ಕೋಲು ಹಿಡಿದು ತಿರುವುತ್ತಿತ್ತು.

"ಕೊಡಿ ಅತ್ತೆ."

"ಕೈಕಾಲು ತೊಳ್ಕೊಂಡು ಕೂತ್ಕೊ ಹೋಗು. ನಿನ್ ಹಬ್ಬಕ್ಕೆ ನೀನೇ ದುಡಿಯೋದು ಬ್ಯಾಡ."

ಲೋಹಿತಾ ಹೋಗಲಿಲ್ಲ. ಪಾಕ ಬಿಗಿಯಾಗುತ್ತ ಬಂದಂತೆ ಕೋಲು ನಿಧಾನವಾಯಿತು. ತಳ ಹಿಡಿದ ವಾಸನೆ ಎದ್ದಿತು. ಲೋಹಿತಾ ಮತ್ತೆ ಕೇಳದೆ ಪಕ್ಕದಲ್ಲಿ ಕೂತು, ಕೋಲಿನ ಮೇಲಿದ್ದ ಅತ್ತೆಯ ಕೈ ಮೇಲೆಯೇ ತನ್ನ ಕೈಯಿಟ್ಟಳು. ಸಿದ್ದಗಂಗಮ್ಮ ಸ್ವಲ್ಪ ಸರಿದು ಜಾಗ ಕೊಟ್ಟಳು. ಪಾಕ ಬಾಣಲೆ ಬಿಟ್ಟು ಒಂದೇ ಮುದ್ದೆಯಾಗಿ ಹೊಳೆಯುವವರೆಗೆ ಇಬ್ಬರೂ ತಿರುವಿದರು.

ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿ ಬೀದಿಗೆಲ್ಲ ಹಂಚಿದರು. ಕಾಡಸಿದ್ದಪ್ಪ ಒಂದು ತುಂಡು ತಿಂದು ಇನ್ನೊಂದಕ್ಕೆ ಕೈಚಾಚಿದ. "ಒಂಚೂರು ಸೀದೈತೆ. ಆದ್ರೂ ಚೆನ್ನಾಗೈತೆ."

"ಚೆನ್ನಾಗಿರೋದನ್ನ ತಿನ್ನಿ ಭಾವ, ಸೀದಿರೋದನ್ನ ನಂಗೆ ಬುಡಿ," ಎಂದಳು ಸಿದ್ದಗಂಗಮ್ಮ. ಅವನು ನಕ್ಕು, ಲೋಹಿತಾ ಕಡೆ ತಿರುಗಿ, "ಒಳ್ಳೇದಾಗ್ಲಿ ತಾಯಿ" ಅಂದ.

ಎಲ್ಲರೂ ಹೋದ ಮೇಲೆ ಅತ್ತೆ ಒಂದು ಡಬ್ಬಿ ತುಂಬಿಸಿ ಯಶೋಧರಾಳ ಕೈಗಿತ್ತಳು. ಆ ಹುಡುಗಿಯದೂ ಪಿಯುಸಿಗೇ ನಿಂತ ಓದು.

"ನಿಮ್ಮತ್ತೆಗೆ ಕೊಡು. ನಾನು ಮಾತಾಡಕ್ಕೆ ಬತ್ತೀನಿ ಅಂತೇಳು."

"ಏನ್ ಮಾತು ದೊಡ್ಡಮ್ಮ?"

"ನಿನ್ ಓದಿನ ಮಾತು."

ಬಾಣಲೆ ತಿಕ್ಕುತ್ತಿದ್ದ ಲೋಹಿತಾ ತಲೆಯೆತ್ತಿ ನೋಡುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಆ ಹುಡುಗಿಯ ಹಿಂದೆಯೇ ಹೊರಟಾಗಿತ್ತು.

ಆ ವರ್ಷವೇ ಯಶೋಧರಾ ಬಿ.ಎ.ಗೆ ಸೇರಿದಳು. ಓದಿದ್ದು ಲೋಹಿತಾಳ ಪುಸ್ತಕಗಳನ್ನೇ.