ಬಲಗೈಯಲ್ಲಿ ಮಾಸ್ಕೋ

ಹಾಲೇಶಣ್ಣನ ಎರಡೂ ಕೈಗೆ ವಾಚು. ಎಡಗೈಯದು ನ್ಯಾಮತಿಯ ಸಮಯ, ಬಲಗೈಯದು ಮಾಸ್ಕೋ ಸಮಯ, ನಮಗಿಂತ ಎರಡೂವರೆ ತಾಸು ಹಿಂದೆ.

ನಮ್ಮೂರ ಖಾಸಗಿ ಬಸ್ ನಿಲ್ದಾಣದಲ್ಲಿ ಅವರು ಟೈಂಕೀಪರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಡಬೇಕು ಎಂದು ನೋಡಿ ಸೀಟಿ ಊದುವುದು ಕೆಲಸ. ಅದಕ್ಕೆ ಒಂದೇ ವಾಚು ಸಾಕಿತ್ತು. ಇನ್ನೊಂದು ಯಾಕೆಂದು ಕೇಳಿದವರಿಗೆ, "ರಷ್ಯಾದಾಗೂ ಗಾಡಿ ಓಡಾಡ್ತಾವಲ್ಲಪ್ಪ, ಅವನ್ನ ಯಾರು ನೋಡ್ಕಬೇಕು?" ಎನ್ನುತ್ತಿದ್ದರು. ಮುಖದಲ್ಲಿ ನಗುವಿನ ಸುಳಿವೇ ಇರುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಸಿಟ್ಟಿನಲ್ಲಿ. ಮದುವೆಯಾಗಿ ನ್ಯಾಮತಿಗೆ ಬಂದ ಹೊಸತು, ಶಿವಮೊಗ್ಗದ ತವರಿಗೆ ಹೊರಟಿದ್ದೆ. ನಾನು ನಿಲ್ದಾಣದ ಬಾಗಿಲಲ್ಲಿದ್ದಾಗಲೇ ಸೀಟಿ ಊದಿಬಿಟ್ಟರು. "ಒಂದು ನಿಮಿಷ ನಿಲ್ಲಿಸಬಾರದಿತ್ತೇನ್ರೀ?" ಎಂದೆ. "ನಿಲ್ಲಿಸಬೌದಿತ್ತು ತಾಯಿ. ಆದ್ರೆ ಸವಳಂಗದಾಗೆ ಒಬ್ಬ ಬಾಣಂತಿ ಕೂಸು ಎತ್ಕಂಡು ಬಿಸಿಲಾಗೆ ನಿಂತಿರ್ತಾಳೆ. ನಿಮ್ಮ ನಿಮಿಷ ಅವಳ ತಲೆ ಮ್ಯಾಲೆ ಬೀಳ್ತೈತೆ" ಎಂದು ತಮ್ಮ ಸ್ಟೂಲು ನನ್ನ ಕಡೆ ಸರಿಸಿದರು. ಮದುವೆ ದಿಬ್ಬಣಕ್ಕೂ ಅವರು ಬಸ್ಸು ನಿಲ್ಲಿಸಿದವರಲ್ಲವಂತೆ.

ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಬೇವಿನ ಮರದ ಕೆಳಗೆ ಕೂತು ಅಂದೇ ನಾನು ಸೈಬೀರಿಯಾಕ್ಕೆ ಹೋದೆ.

ಆ ದೇಶದಲ್ಲಿ ಒಂದು ದೊಡ್ಡ ಸರೋವರವಂತೆ. ಹಳಿ ಹಾಕುತ್ತ ಬಂದವರಿಗೆ ಅದು ಅಡ್ಡ ಬಂತು. ಸುತ್ತ ಬಳಸಿಕೊಂಡು ಹೋಗುವ ದಾರಿ ಇನ್ನೂ ಆಗಿರಲಿಲ್ಲ. "ಚಳಿಗಾಲದಾಗೆ ನೀರೆಲ್ಲ ಕಲ್ಲಾತು. ಏನು ಮಾಡಿದ್ರು? ಮಂಜುಗಡ್ಡೆ ಮ್ಯಾಲೇ ಹಳಿ ಹಾಕಿದ್ರು ತಾಯಿ! ಎಂಜಿನ್ ಭಾರ ಅಂತ ಕುದುರೆ ಕಟ್ಟಿ ಡಬ್ಬಿ ಎಳೆಸಿದ್ರು. ಕೆಳಗೆ ಮೀನು, ಮ್ಯಾಲೆ ರೈಲು." ಹೀಗೆ ಹೇಳುವಾಗ ಅವರ ಅಂಗೈ ಮೆಲ್ಲಗೆ ಗಾಳಿಯಲ್ಲಿ ಜಾರುತ್ತಿತ್ತು, ಒತ್ತಿದರೆ ಒಡೆದೀತೆಂಬಂತೆ.

ಇದೆಲ್ಲ ಅವರಿಗೆ ಗೊತ್ತಾದದ್ದು ಹಳೆಯ ಸೋವಿಯತ್ ಪತ್ರಿಕೆಗಳಿಂದ. ನಮ್ಮ ಕಾನ್ವೆಂಟಿನಲ್ಲಿ ಆ ನುಣುಪು ಕಾಗದವನ್ನು ಪುಸ್ತಕಕ್ಕೆ ಬೈಂಡು ಹಾಕಲು ಬಳಸುತ್ತಿದ್ದೆವು. ನಾನು ಬಣ್ಣದ ಚಿತ್ರದ ಬದಿ ಒಳಗೋ ಹೊರಗೋ ಎಂದು ಯೋಚಿಸುತ್ತಿದ್ದ ಕಾಲಕ್ಕೆ ಅವರು ಅದನ್ನು ಅಕ್ಷರ ಬಿಡದೆ ಓದಿದ್ದರು. ಸ್ವತಃ ಒಮ್ಮೆಯೂ ರೈಲು ಹತ್ತಿದವರಲ್ಲ. ನ್ಯಾಮತಿಗೂ ಪಕ್ಕದ ಹೊನ್ನಾಳಿಗೂ ರೈಲಿಲ್ಲ. ಅವರಿಗೆ ಬಸ್ಸು ಬಿಟ್ಟು ಹೋಗುವ ಬಿಡುವಿಲ್ಲ. "ಹತ್ತಿದ್ರೆ ಅದೊಂದೇ ರೈಲು ಗೊತ್ತಾಗ್ತಿತ್ತು" ಎನ್ನುವರು. ಒಂದು ಕೊರತೆ ಮಾತ್ರ ಅವರಿಗಿತ್ತು. "ಸೇತುವೆ ಮ್ಯಾಲೆ ಹೋಗುವಾಗ ಸದ್ದು ಬ್ಯಾರೆ ಆಗ್ತೈತಂತೆ. ಅದನ್ನ ಪುಸ್ತಕದಾಗೆ ಬರೆಯಾಕೆ ಆಗಂಗಿಲ್ಲ ನೋಡ್ರಿ."

ಬಲಗೈಯ ವಾಚಿನ ಗುಟ್ಟೂ ಅಲ್ಲಿಯದೇ. ಆ ದೇಶ ಎಷ್ಟು ಅಗಲವೆಂದರೆ ಒಂದು ತುದಿಯಲ್ಲಿ ಬೆಳಗಾದಾಗ ಇನ್ನೊಂದು ತುದಿಯಲ್ಲಿ ಮಲಗುವ ಹೊತ್ತು. ಹಾಗಾಗಿ ಎಲ್ಲ ನಿಲ್ದಾಣದ ಗಡಿಯಾರ, ಎಲ್ಲ ಟಿಕೆಟ್ಟೂ ಮಾಸ್ಕೋ ಸಮಯಕ್ಕೇ. ಒಂದು ದೇಶದ ರೈಲೆಲ್ಲ ಒಂದೇ ಗಡಿಯಾರಕ್ಕೆ ತಲೆಬಾಗುವುದು ಆ ಟೈಂಕೀಪರ್ ಮನಸ್ಸಿಗೆ ಎಷ್ಟು ಹಿಡಿಸಿತ್ತೆಂದರೆ, ಅದನ್ನೇ ಕೈಗೆ ಕಟ್ಟಿಕೊಂಡಿದ್ದರು.

ನನ್ನ ಮಗಳು ಸಹನಾ ಶಾಲೆಯ ಬಸ್ಸಿಗೆ ಕಾಯುತ್ತ ಆ ಸ್ಟೂಲಿನ ಪಕ್ಕದಲ್ಲೇ ಬೆಳೆದಳು. ಎರಡೂ ವಾಚನ್ನು ರಿಪೇರಿಗೆ ಕೊಟ್ಟ ದಿನ ಅವರು ಬೇವಿನ ನೆರಳು ನೋಡಿಯೇ ಬಸ್ಸು ಬಿಡುತ್ತಿದ್ದರು. "ವಾಚು ಸುಳ್ಳು ಹೇಳ್ತೈತೆ ಕೂಸೇ, ನೆರಳು ಹೇಳಂಗಿಲ್ಲ" ಎಂದು ಅವಳಿಗೂ ನೆರಳು ಅಳೆಯಲು ಕಲಿಸಿದ್ದರು. ಅವಳಿಗೆ ಡಾಕ್ಟರಿ ಓದಲು ಸೀಟು ಸಿಕ್ಕಿದ್ದು ಸೈಬೀರಿಯಾದಲ್ಲೇ ಎಂದಾಗ ನಮಗಿಂತ ಮೊದಲು ಕಣ್ಣು ತುಂಬಿಕೊಂಡವರು ಹಾಲೇಶಣ್ಣ.

ಮೊದಲ ವರ್ಷ ಮುಗಿಸಿ ಊರಿಗೆ ಹೊರಟಾಗ ಅವಳು ಒಂಟಿ. ಗೆಳತಿಯರು ಮೊದಲೇ ಹೊರಟಿದ್ದರು. ರೈಲಿನಲ್ಲಿ ದೊಡ್ಡ ಊರಿಗೆ ಬಂದು ವಿಮಾನ ಹಿಡಿಯಬೇಕು. ನಮ್ಮ ಪಡಸಾಲೆಯಲ್ಲಿ ಕೂತು ಹಾಲೇಶಣ್ಣ ಫೋನಿನಲ್ಲಿ ಕೇಳಿದರು, "ಟಿಕೆಟ್‌ನಾಗೆ ಎಷ್ಟೈತೆ?"

"ಬೆಳಿಗ್ಗೆ ಒಂಬತ್ತು ನಲವತ್ತು, ಅಜ್ಜ."

"ಅದು ಮಾಸ್ಕೋ ಟೈಮು. ನಿಮ್ಮೂರು ನಾಕು ತಾಸು ಮುಂದೈತೆ. ಅಂದ್ರೆ ಮಧ್ಯಾಹ್ನ ಒಂದು ನಲವತ್ತು. ಆರಾಮಾಗಿ ಉಂಡು ಹೋಗು."

ಸಹನಾ ಹುಟ್ಟಿದಾಗಿನಿಂದ ಅವರು ಹೇಳಿದ ಸಮಯ ತಪ್ಪಿದ್ದಿಲ್ಲ. ಅವಳು ಉಂಡೇ ಹೋದಳು. ರೈಲು ಬೆಳಿಗ್ಗೆಯೇ ಹೋಗಿತ್ತು.

"ಅಮ್ಮಾ, ಆ ಪದ್ಧತಿ ಬಿಟ್ಟು ಕೆಲವು ವರ್ಷ ಆಯ್ತಂತೆ. ಈಗ ಆಯಾ ಊರಿನ ಟೈಮೇ" ಎಂದಳು ಫೋನಿನಲ್ಲಿ. ಅತ್ತು ಮುಗಿಸಿದ ದನಿ. "ಸಂಜೆ ಒಂದು ನಿಧಾನದ ರೈಲಿದೆ, ಅದರಲ್ಲಿ ಬರ್ತೀನಿ. ವಿಮಾನ ಮಾತ್ರ ಸಿಗಲ್ಲ. ಅಜ್ಜಂಗೆ ಹೇಳಬೇಡ, ಆಯ್ತಾ?"

ಅವಳು ಬರಬೇಕಿದ್ದ ದಿನ ಹಾಲೇಶಣ್ಣ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಶಿವಮೊಗ್ಗದ ಯಾವ ಬಸ್ಸಿನಿಂದ ಇಳಿಯುತ್ತಾಳೆ ಎಂಬುದನ್ನೂ ಲೆಕ್ಕ ಹಾಕಿದ್ದರು. "ವಿಮಾನ ತಡವಂತೆ" ಎಂದೆ. ಸುಳ್ಳು ಹೇಳಬಾರದೆಂದು ನೂರು ಸಲ ಬರೆಸಿದ್ದ ಕಾನ್ವೆಂಟಿನ ಸಿಸ್ಟರ್ ನೆನಪಾದರು.

ಮೂರು ದಿನ ತಡವಾಗಿ ಬಂದವಳು ಅಜ್ಜನಿಗೆ ಫೋಟೋ ತೋರಿಸುತ್ತ ಕೂತಳು. ಒಂದು ಫೋಟೋ ಬಂದಾಗ ಅವರು ಫೋನನ್ನು ಕಣ್ಣಿನ ಹತ್ತಿರ ತಂದರು. ನಿಲ್ದಾಣದ ಮುಂದೆ ಸಹನಾ, ಮೇಲೆ ಗಡಿಯಾರ. ರೈಲು ತಪ್ಪಿದ್ದು ಗೊತ್ತಾಗುವ ಮೊದಲು ತೆಗೆಸಿಕೊಂಡದ್ದು, ಅದಕ್ಕೇ ನಗುತ್ತಿದ್ದಳು.

"ಒಂದು ಹತ್ತು ಆಗೈತೆ. ಇದು ಮಾಸ್ಕೋ ಒಂದು ಹತ್ತಾದ್ರೆ ನಿಮ್ಮೂರಾಗೆ ಸಂಜೆ ಐದು ಹತ್ತು. ಸಂಜೆ ನೆರಳು ಹಿಂಗೆ ಗಿಡ್ಡಗಿರ್ತೈತೇನೆ ಕೂಸೇ?"

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳಿದರೂ ನಾನು ಏಳಲಿಲ್ಲ.

"ಊರಿನ ಟೈಮೇ ಅಂತ ಟಿಕೆಟ್ ಮೇಲೆ ಸಣ್ಣಕ್ಷರದಲ್ಲಿ ಬರೆದಿತ್ತಜ್ಜ. ನಾನೇ ಓದಲಿಲ್ಲ" ಎಂದಳು ಸಹನಾ.

"ನೀನು ನನ್ನ ಮಾತು ನಂಬಿದೆ" ಎಂದರು. ಚಹಾ ಕುಡಿಯದೆ ಎದ್ದು ಹೋದರು.

ಮರುದಿನದಿಂದ ಬಲಗೈ ಬೋಳು. ವಾಚು ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮಗುವಿನದರಂತೆ. "ಏನ್ ಹಾಲೇಶಣ್ಣ, ಮಾಸ್ಕೋ ಮುಳುಗ್ತೇನು?" ಎಂದು ಕಂಡಕ್ಟರುಗಳು ಕಾಡಿದರೆ, "ಸೆಲ್ ಮುಗಿದೈತೆ" ಎನ್ನುವರು. ನಮ್ಮ ಮನೆಗೆ ಬರುವುದನ್ನೂ ಬಿಟ್ಟರು. ಸಹನಾ ಹೋಗಿ ಮಾತಾಡಿಸಿದರೆ ಬಸ್ಸಿನ ನೆಪ ಮಾಡಿ ಏಳುತ್ತಿದ್ದರು. ರೈಲಿನ ಮಾತೇ ಇಲ್ಲ. ನನಗೆ ಆ ಬೇವಿನ ಮರದ ಕೆಳಗೆ ಒಂದು ದೇಶವೇ ಖಾಲಿಯಾದಂತೆ ಅನ್ನಿಸುತ್ತಿತ್ತು.

ರಜೆ ಮುಗಿದು ಸಹನಾ ಮತ್ತೆ ಹೊರಟ ದಿನ. ಬಸ್ಸಿಗೆ ನಾಲ್ಕು ನಿಮಿಷ ಇತ್ತು. ಅವಳು ನೇರ ಹೋಗಿ ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಜ್ಜ, ಆ ತಪ್ಪಿದ ರೈಲಲ್ಲಿ ಕಿಟಕಿ ತೆಗೆಯಾಕೇ ಬರಲ್ಲಂತೆ. ನಾನು ಬಂದ ಹಳೇ ರೈಲಲ್ಲಿ ಬರ್ತಿತ್ತು. ನಿಮಗಂತಲೇ ಒಂದು ಸದ್ದು ಹಿಡಿದಿಟ್ಟೀನಿ. ಕಣ್ಣು ಮುಚ್ಚಿ."

ಫೋನನ್ನು ಅವರ ಕಿವಿಗೆ ಇಟ್ಟಳು. ನನಗೂ ಸಣ್ಣಗೆ ಕೇಳುತ್ತಿತ್ತು. ಗಾಳಿ, ಯಾರೋ ಚಹಾ ಲೋಟಕ್ಕೆ ಚಮಚ ತಾಗಿಸಿದ ಟಿಣ್ ಸದ್ದು, ಹಳಿಯ ತಾಳ. ಇದ್ದಕ್ಕಿದ್ದಂತೆ ಆ ತಾಳ ಅಗಲವಾಯಿತು. ಕೆಳಗಿನ ನೆಲವನ್ನು ಯಾರೋ ಎಳೆದುಕೊಂಡಂತೆ ಟೊಳ್ಳಾಗಿ, ಆಳವಾಗಿ ಮೊಳಗತೊಡಗಿತು. ಹಾಲೇಶಣ್ಣನ ಬೆರಳುಗಳು ಮೊಣಕಾಲ ಮೇಲೆ ಅದೇ ತಾಳ ಹಾಕತೊಡಗಿದವು.

ಮುಂದಿನ ಬೇಸಿಗೆಗೆ ಸಹನಾ ಬರುವಷ್ಟರಲ್ಲಿ ಅವರಿರಲಿಲ್ಲ. ಈಗ ಆ ಸ್ಟೂಲಿನಲ್ಲಿ ಬೇರೆಯವರು ಕೂರುತ್ತಾರೆ, ಒಳ್ಳೆಯವರೇ. ನಾನು ಓಡಿಬಂದರೆ ಬಸ್ಸು ನಿಲ್ಲಿಸುತ್ತಾರೆ. ನಾನು ಮಾತ್ರ ಬೇವಿನ ನೆರಳು ನೋಡಿ ಐದು ನಿಮಿಷ ಮೊದಲೇ ಹೋಗಿ ನಿಲ್ಲುತ್ತೇನೆ.

ಸಹನಾ ಫೋನನ್ನು ಅವರ ಕಿವಿಗಿಟ್ಟ ಅವತ್ತು ಡ್ರೈವರ್ ಎರಡು ಸಲ ಹಾರ್ನ್ ಮಾಡಿದ. "ಟೈಮಾತು ಹಾಲೇಶಣ್ಣ, ಸೀಟಿ ಊದ್ರಿ!" ಎಂದು ಕಂಡಕ್ಟರ್ ಕೂಗಿದ. ಅವರು ಕಣ್ಣು ತೆರೆಯಲಿಲ್ಲ. ಬೋಳು ಬಲಗೈಯನ್ನು ಮೇಲೆತ್ತಿ ಬಸ್ಸನ್ನು ತಡೆದರು.

"ತಡಿಯಪ್ಪ, ಇನ್ನೂ ಸೇತುವೆ ಮುಗಿದಿಲ್ಲ."